ಅಂಚು ಹಾಕಿದ ಎಮ್ಮೆ

ವಯಸ್ಸಾದಂತೆ ನಾಚಿಕೆ ಕಡಿಮೆಯಾಗುತ್ತದೆ ಎಂದು ನಂಬಿಕೊಂಡಿದ್ದೆ. ಅದು ನನ್ನ ನಿವೃತ್ತಿಯ ಹೊತ್ತಿಗೆಂದೇ ಕಾಯುತ್ತಿತ್ತೆಂದು ಕಾಣುತ್ತದೆ. ನಾನು ಲಿಂಗಸುಗೂರಿನ ಒಂದು ಹೈಸ್ಕೂಲಿನ ಡ್ರಾಯಿಂಗ್ ಮಾಸ್ತರ. ಚಿತ್ರ ಏನೇ ಇರಲಿ, ಮೊದಲು ಸ್ಕೇಲು ಇಟ್ಟು ಹಾಳೆಯ ನಾಲ್ಕೂ ಕಡೆ ಅಂಚು ಎಳೆಯಬೇಕೆಂಬುದು ನನ್ನ ಹಟ. ಮನೆಯಲ್ಲಿ ಹೆಂಡತಿ ಬಿಸಿಲಿಗಿಟ್ಟ ಸಂಡಿಗೆಯ ಸಾಲನ್ನೂ ನೇರ ಮಾಡಲು ಹೋಗಿ ಬೈಸಿಕೊಂಡವನು ನಾನು.

ಇಂಥವನ ಪಾಲಿಗೆ ಮಕ್ಕಳ ಸೃಜನಶೀಲತೆ ಅಳೆಯುವ ಕೆಲಸ ಬಂತು. ಹಾಳೆಯ ಮೇಲೆ ಒಂದು ಅರೆವೃತ್ತದ ಗೆರೆ ಇರುತ್ತದೆ. ಮಕ್ಕಳು ಅದನ್ನು ತಮಗೆ ತೋಚಿದಂತೆ ಚಿತ್ರವಾಗಿಸಬೇಕು. ಅಂಕ ಕೊಡುವುದು ಕಂಪ್ಯೂಟರು. ಆದರೆ ಅದು ಮೊದಲು ಮಾಸ್ತರರು ಕೊಟ್ಟ ಅಂಕಗಳನ್ನು ನೋಡಿ ಕಲಿಯಬೇಕಂತೆ. ‘ಹೊಸ ಕಲ್ಪನೆಗೆ ಅಂಕ ಕೊಡಿ, ಅಚ್ಚುಕಟ್ಟಿಗಲ್ಲ’ ಎಂಬ ಸೂಚನೆ ವಾಟ್ಸಾಪಿನಲ್ಲಿ ಬಂದಿತ್ತು. ನಾನು ಓದದೆಯೇ ಅದಕ್ಕೆ ಹೆಬ್ಬೆರಳು ಎತ್ತಿದೆ. ಇದೇ ಕೆಲಸ ಬಿದ್ದಿದ್ದ ಮಸ್ಕಿಯ ಡ್ರಾಯಿಂಗ್ ಮಾಸ್ತರರು ಫೋನು ಮಾಡಿ, “ಹೆಂಗ ಹಾಕಾಕತ್ತೀರಿ ಸರ?” ಎಂದರು. “ಅಂಚು ಇದ್ದದ್ದಕ್ಕ ಎಂಟರ ಮ್ಯಾಲೆ” ಎಂದೆ. “ನಾನೂ ಹಂಗ ಹಾಕ್ತೀನಿ ಬಿಡ್ರಿ” ಎಂದರು.

ಅಂಕ ಕೊಟ್ಟ ಮಾಸ್ತರರನ್ನೆಲ್ಲ ಆಮೇಲೆ ಸಿಂಧನೂರಿಗೆ ಕರೆಸಿದ ಸಭೆಯಲ್ಲಿ, ಕಂಪ್ಯೂಟರಿಗೆ ಕಲಿಸಿದ ಮೇಡಂ ಪರದೆಯ ಮೇಲೆ ಒಂದು ಹಾಳೆ ತೋರಿಸಿದರು. ಸುತ್ತ ಚೆಂದದ ಅಂಚು, ಒಳಗೆ ಕೊಟ್ಟಿದ್ದ ಅರೆವೃತ್ತ ಬಿಟ್ಟರೆ ಏನೂ ಇಲ್ಲ. ಕಂಪ್ಯೂಟರು ಅದಕ್ಕೆ ಹತ್ತಕ್ಕೆ ಒಂಬತ್ತು ಕೊಟ್ಟಿತ್ತು. ಸಭೆ ಗೊಳ್ಳೆಂದಿತು.

“ಮಷೀನು ಕೆಟ್ಟೈತ್ರೀ” ಎಂದೆ.

“ಕೆಟ್ಟಿಲ್ರೀ ಸರ, ನೀವು ಕಲಿಸಿದಂಗ ಕಲ್ತೈತಿ” ಎಂದರು ಮೇಡಂ.

ಆಮೇಲೆ ಪರದೆಯ ಮೇಲೆ ಎರಡೇ ಅಂಕ ಬಿದ್ದಿದ್ದ ಹಾಳೆಯೊಂದು ಬಂತು. ನಮ್ಮ ಒಂಬತ್ತನೆಯ ತರಗತಿಯ, ಗುರುಗುಂಟಾದಿಂದ ಬರುವ ಹುಲಿಗೆಮ್ಮನದು. ಅರೆವೃತ್ತ ಅವಳಿಗೆ ಎಮ್ಮೆಯ ಹೊಟ್ಟೆಯಾಗಿತ್ತು. ಹಾಲು ಹಿಂಡಲು ಕುಳಿತವರ ಕಣ್ಣಿಗೆ ಕಾಣುವ ಎಮ್ಮೆ: ಮೇಲೆಲ್ಲ ಹೊಟ್ಟೆ, ಕೆಳಗೆ ಕೆಚ್ಚಲು, ಒಂದು ಚರಿಗೆ, ಅಷ್ಟೇ. ಹಾಳೆ ಇಸಿದುಕೊಳ್ಳುವಾಗ “ಮುಖಾ ಎಲ್ಲೈತಿ? ಅಂಚು ಎಲ್ಲೈತಿ?” ಎಂದು ಗದರಿದ್ದೆ, ಎರಡು ಅಂಕ ಹಾಕಿದ್ದೆ. ಕಂಪ್ಯೂಟರೂ ಅಷ್ಟೇ ಹಾಕಿತ್ತು. ಬೇಸಿಗೆಯ ಚಿತ್ರಕಲಾ ಶಿಬಿರಕ್ಕೆ ಮಕ್ಕಳನ್ನು ಆರಿಸುವುದು ಈ ಅಂಕದ ಮೇಲೆಯೇ. ನನಗೆ ತಲೆ ಎತ್ತಲಾಗಲಿಲ್ಲ.

ಹುಡುಗಿಯ ಅಂಕ ಸರಿಪಡಿಸಿರೆಂದು ನಾನು ಅಂಗಲಾಚಿದ ಮೇಲೆ ಮೇಡಂ, “ಅದಕ್ಕ ಮತ್ತ ಕಲಿಸಾಕ ಟೈಮ್ ಹಿಡೀತೈತ್ರಿ. ಆಯ್ಕೆ ಈ ವಾರನ ಮುಗೀತೈತಿ. ಆಕಿ ಕಡೆ ಇನ್ನೊಂದು ಚಿತ್ರ ಬರಸ್ರಿ, ಮಷೀನಿಗೆ ಅದನ್ನ ತೋರಸೋಣು” ಎಂದರು.

ಮರುದಿನ ಹುಲಿಗೆಮ್ಮನನ್ನು ಕರೆದೆ. ನಿಜ ಹೇಳಲು ಬಾಯಿ ಬರಲಿಲ್ಲ. “ನಿನ್ನ ಚಿತ್ರ ಆ ಮಷೀನಿಗೆ ತಿಳೀಲಿಲ್ಲವ್ವ” ಎಂದೆ.

“ಅದು ಎಮ್ಮಿ ನೋಡಿಲ್ಲೇನ್ರೀ ಸರ?”

“ನೋಡಿಲ್ಲ” ಎಂದೆ, ದಿನಾ ಎಮ್ಮೆ ಹಾಲಿನ ಚಹಾ ಕುಡಿಯುವ ನಾನು. “ಇನ್ನೊಂದು ಬರಕೊಂಡು ಬಾ.”

ಬರೆದು ತಂದಳು. ಆಸೆಯಿಂದ ಹಾಳೆ ಬಿಚ್ಚಿದೆ. ಎಮ್ಮೆ ಅಡ್ಡಲಾಗಿ ನಿಂತಿತ್ತು. ನಾಲ್ಕು ಕಾಲು, ಎರಡು ಕೋಡು, ನಗುವ ಮುಖ. ಹಿಂದೆ ಎರಡು ಗುಡ್ಡ, ನಡುವೆ ಸೂರ್ಯ. ಸುತ್ತಲೂ ಅಂಚು.

“ಅವತ್ತು ನೀವು ಕೇಳಿದ್ರಲ್ರೀ ಸರ, ಮುಖಾನೂ ಹಾಕೀನಿ, ಅಂಚೂ ಹಾಕೀನಿ. ಈಗ ಛಲೋ ಆಗೈತೇನ್ರೀ?”

ಕಂಪ್ಯೂಟರು ನನ್ನಂತಾಗಲು ರಾಶಿ ಹಾಳೆ ಬೇಕಾದವು. ಈ ಹುಡುಗಿಗೆ ಒಂದು ಗದರಿಕೆ ಸಾಕಾಗಿತ್ತು. ಇದಕ್ಕೆ ಒಂಬತ್ತು ಬರುವುದು ಖಂಡಿತ, ಅವಳು ಶಿಬಿರಕ್ಕೆ ಹೋಗುವುದೂ ಖಂಡಿತ. ಆ ಮೊದಲಿನ ಎಮ್ಮೆ ಮಾತ್ರ ಇನ್ನು ಬರಲಿಕ್ಕಿಲ್ಲ. ನಾಚಿಕೆಯಿಂದ ತಲೆ ತಗ್ಗಿಸಿದೆ. ಬಲಗಡೆಯ ಅಂಚು ಚೂರು ಸೊಟ್ಟಗಿದ್ದದ್ದು ಕಣ್ಣಿಗೆ ಬಿತ್ತು. ನೋಡನೋಡುತ್ತಲೇ ನನ್ನ ಕೈ ಸ್ಕೇಲು ಹುಡುಕತೊಡಗಿತ್ತು.