ಟೈಲರ್ ತಟ್ಟದ ಚಪ್ಪಾಳೆ

ಎಲ್ಲದಕ್ಕೂ ಮೂಲ ಒಂದು ತಿರುಪು. ನೋಡಿದರೆ ಕಡಲೆಕಾಳಿನಷ್ಟಿಲ್ಲ. ಟೈಲರನ ಹೊಲಿಗೆ ಮೆಷಿನ್ನಿನ ಮರದ ಹಲಗೆಯನ್ನು ಕಬ್ಬಿಣದ ಕಾಲುಗಳಿಗೆ ಬಿಗಿದಿದ್ದ ನಾಲ್ಕು ತಿರುಪುಗಳಲ್ಲಿ ಈ ಒಂದು ಹನ್ನೆರಡು ವರ್ಷದಿಂದ ಸಡಿಲ. ಪೆಡಲು ತುಳಿದಾಗಲೆಲ್ಲ ಹಲಗೆ ಎದ್ದು ಬಿದ್ದು ಪಟಪಟ ಬಡಿಯುತ್ತಿತ್ತು. "ಅದೊಂದನ್ನ ಬಿಗಿ ಮಾಡಬಾರದೇನ್ರೀ" ಎಂದು ಹೆಂಡತಿ ಹೇಳಿ ಹೇಳಿ ಸಾಕಾಗಿದ್ದಳು. "ನಾಳೆ" ಎನ್ನುತ್ತಿದ್ದ ಇವನು. ಟೈಲರ ಬಾಯಿಂದ ಬರುವ ನಾಳೆ ಎಂಥದ್ದು ಎಂದು ಅಂಗಿ ಹೊಲಿಯಲು ಕೊಟ್ಟವರಿಗೆಲ್ಲ ಗೊತ್ತೇ ಇದೆ.

ಬೀದಿಯಲ್ಲಿ ಅವನಿಗೆ ಅರ್ಧಿಂಚು ಎಂದು ಅಡ್ಡಹೆಸರು. ಯಾರ ಅಂಗಿಯೇ ಇರಲಿ, ಒಳಹೊಲಿಗೆಯಲ್ಲಿ ಅರ್ಧ ಇಂಚು ಬಟ್ಟೆ ಹೆಚ್ಚಿಗೆ ಮಡಚಿ ಬಿಡುತ್ತಿದ್ದ. ಹೊರಗಿನಿಂದ ಕಾಣುವುದಿಲ್ಲ, ಬೇಕಾದ ದಿನ ಬಿಚ್ಚಿಕೊಳ್ಳಬಹುದು. ಈ ಪದ್ಧತಿಯೂ ಅವನ ಅಪ್ಪನದು, ಮೆಷಿನ್ನೂ ಅಪ್ಪನದು.

ಇನ್ನು ಕಾಲ ಎಂಥದ್ದು ಎಂದರೆ, ಮಹಾನಾಯಕರು ಕುರ್ಚಿಯಲ್ಲಿ ಕೂತು ಐದು ವರ್ಷವಾಗಿತ್ತು. ಮೊದಲು ಪತ್ರಿಕೆಗಳು ತೆಳ್ಳಗಾದವು. ಆಮೇಲೆ ಚುನಾವಣೆಯನ್ನು ಮುಂದಿನ ಸೂಚನೆ ಬರುವವರೆಗೆ ತಡೆದರು. ಜನ ಹೂಂ ಅಂದರು. ಆಮೇಲೆ ಎಲ್ಲರ ಫೋನಿಗೂ ಕರತಾಡನ ಎಂಬ ಆ್ಯಪು ಬಂತು. ಸಂಜೆ ಏಳಾಯಿತೆಂದರೆ ಫೋನು ತಾನೇ ಬಾಯಿ ತೆರೆದು ಹದಿನೈದು ನಿಮಿಷ ಮಹಾನಾಯಕರ ಭಾಷಣ ಒದರುತ್ತಿತ್ತು. ಕೇಳುವವರು ಚಪ್ಪಾಳೆ ತಟ್ಟಬೇಕು, ಫೋನು ಅದನ್ನು ಎಣಿಸಬೇಕು. ಬಸ್ಸು, ಆಸ್ಪತ್ರೆ, ಮಕ್ಕಳ ಶಾಲೆ ಎಲ್ಲಕ್ಕೂ ಆ ಫೋನೇ ಬೇಕು, ಹಾಗಾಗಿ ಎಸೆಯುವ ಹಾಗೂ ಇಲ್ಲ.

ಟೈಲರನ ಹೆಂಡತಿಯ ಅಣ್ಣ ಡ್ರಾಯಿಂಗ್ ಮೇಷ್ಟ್ರಾಗಿದ್ದರು. ಏಳು ಗಂಟೆಗೆ ಫೋನನ್ನು ಹಿಟ್ಟಿನ ಡಬ್ಬಿಯೊಳಗೆ ಹೂತಿಡುತ್ತಿದ್ದರು. ಯಾರೋ ಪುಣ್ಯಾತ್ಮರು ದೂರು ಕೊಟ್ಟು, ಕೆಲಸ ಹೋಗಿ, ಈಗ ಅಂಗಡಿಗಳಿಗೆ ಬೋರ್ಡು ಬರೆದು ಬದುಕುತ್ತಿದ್ದರು. ಕೆಲಸ ಹೋದ ದಿನ ಟೈಲರ್ ಭಾವನ ಮುಂದೆ ನಿಂತು, "ಭಾವ, ಈ ಎರಡು ಕೈ ಇರೋದು ಬಟ್ಟೆ ಹೊಲಿಯೋಕೆ. ಅವರಿಗೆ ತಟ್ಟೋಕಲ್ಲ" ಎಂದು ಮಾತು ಕೊಟ್ಟಿದ್ದ. ಭಾವ ಅವನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರು. ತನ್ನ ಜೀವನದಲ್ಲಿ ಹೆಮ್ಮೆಪಡುವಂಥದ್ದು ಎಂದು ಅವನಿಗೆ ಇದ್ದದ್ದು ಆ ಒಂದು ಮಾತು.

ಮಾತನ್ನು ಉಳಿಸಿಕೊಂಡಿದ್ದ ಕೂಡ. ಭಾಷಣ ಶುರುವಾದ ತಕ್ಷಣ ಫೋನನ್ನು ಮೆಷಿನ್ನಿನ ಹಲಗೆಯ ಮೇಲೆ ಕವುಚಿ ಹಾಕಿ, ಅದರ ಮೇಲೆ ಕತ್ತರಿಸಿದ ಬಟ್ಟೆ ಹೇರಿ, ದನಿ ಕೇಳಿಸದಂತೆ ಪೆಡಲು ತುಳಿಯುತ್ತಿದ್ದ. ಭಾಷಣ ಸುಳ್ಳಾದಷ್ಟೂ ತುಳಿತ ಜೋರು. ಇದೇ ಅವನ ಬಂಡಾಯ. ದೊಡ್ಡದೇನಲ್ಲ, ಆದರೆ ಸ್ವಂತದ್ದು.

ಆ ಗುರುವಾರ ವಾರ್ಡಿನ ಕಚೇರಿಯಲ್ಲಿ ಮೊದಲ ಬಾರಿಗೆ ಪಟ್ಟಿ ಅಂಟಿಸಿದರು. ಹಿಂದಿನ ಏಳು ದಿನದಲ್ಲಿ ಯಾರು ಎಷ್ಟು ತಟ್ಟಿದ್ದಾರೆ ಎಂಬ ಪಟ್ಟಿ. ಟೈಲರ್ ಕೊನೆಯ ಹೆಸರು ತನ್ನದೇ ಎಂದು ಮೊದಲೇ ತೀರ್ಮಾನಿಸಿಕೊಂಡು, ಅಧಿಕಾರಿ ಕರೆದರೆ ಏನು ಹೇಳಬೇಕೆಂದು ಕನ್ನಡಿ ಮುಂದೆ ಎರಡು ಸಲ ಹೇಳಿಕೊಂಡು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಅಂಗಡಿ ಬಾಗಿಲು ತೆಗೆದ.

ಪಕ್ಕದ ಹೇರ್ ಕಟಿಂಗ್ ಅಂಗಡಿಯವನು ಓಡಿ ಬಂದ. ಅವನನ್ನು ಎಲ್ಲರೂ ರೇಡಿಯೋ ಎನ್ನುತ್ತಿದ್ದರು. ಕಾರಣ ಹೇಳಬೇಕಾಗಿಲ್ಲ.

"ಟೈಲರಣ್ಣ, ನಿಮ್ಮ ಹೊಟ್ಟೇಲಿ ಇಷ್ಟೆಲ್ಲ ಇದೆ ಅಂತ ಗೊತ್ತೇ ಇರಲಿಲ್ಲ ನೋಡಿ. ಬೆಕ್ಕಿನ ಥರ ಕಣ್ಮುಚ್ಚಿ ಹಾಲು ಕುಡಿದುಬಿಟ್ರಿ."

"ಪಟ್ಟೀಲಿ ಕೊನೇಲಿದೀನಾ?"

"ಯಾವ ಕೊನೆ? ಮೊದಲು. ಹದಿನೆಂಟು ಸಾವಿರದ ನಾನೂರು ಚಪ್ಪಾಳೆ. ಎರಡನೆಯವರು ಒಂಬತ್ತು ಸಾವಿರ. ನಾನು ಅಂಗೈ ಬೊಬ್ಬೆ ಬರೋ ಹಾಗೆ ತಟ್ಟಿ ನಲವತ್ತನೆಯವನು. ಕೈ ನಡುಗಿ ನಿನ್ನೆ ಒಬ್ಬರ ಕಿವಿ ಕೊಯ್ಯೋದರಲ್ಲಿದ್ದೆ."

ಟೈಲರನ ಬಾಯಲ್ಲಿದ್ದ ಗುಂಡುಪಿನ್ನು ಕೆಳಗೆ ಬಿತ್ತು. ತಪ್ಪಾಗಿ ಅಚ್ಚಾಗಿರಬೇಕು ಎಂದ. ರೇಡಿಯೋ ನಂಬಲಿಲ್ಲ. ಬೀದಿಯೂ ನಂಬಲಿಲ್ಲ. ಭಾವನ ಕೆಲಸ ಹೋದಂದಿನಿಂದ ಅತ್ತ ಮುಖ ಮಾಡಿ ಓಡಾಡುತ್ತಿದ್ದ ಅಂಗಡಿ ಹಿಂದಿನ ಮನೆಯವರು ಒಳಗೆ ಬಂದು ಕೈ ಕುಲುಕಿದರು. ಒಬ್ಬರು ಮಗಳ ಕೆಲಸಕ್ಕೆ ಒಂದು ಮಾತು ಹೇಳಿ ಎಂದರು. ಮತ್ತೊಬ್ಬರು ಏನೂ ಕೇಳದೆ ಅವನ ಅಂಗೈಯನ್ನು ತಿರುಗಿಸಿ ನೋಡಿ, "ಬೊಬ್ಬೆ ಕೂಡ ಇಲ್ಲ, ಅಭ್ಯಾಸ ಅಂದ್ರೆ ಇದು" ಎಂದು ಮೆಚ್ಚಿಕೊಂಡು ಹೋದರು. ಇಲ್ಲ ಎಂದಷ್ಟೂ ವಿನಯ ಎಂದುಕೊಂಡರು.

ಮಧ್ಯಾಹ್ನ ಹೆಂಡತಿ ಊಟದ ಡಬ್ಬಿ ತಂದಳು. ದಿನವೂ ಮುಚ್ಚಳ ತೆಗೆದು ಕೊಡುವವಳು ಅವತ್ತು ಡಬ್ಬಿಯನ್ನು ಬಟ್ಟೆ ಅಳೆಯುವ ಮೇಜಿನ ಮೇಲೆ ಕುಕ್ಕಿದಳು.

"ಅಣ್ಣ ಫೋನ್ ಮಾಡಿದ್ದ."

"ಏನಂದ್ರು?"

"ಬಯ್ಯಲಿಲ್ಲ. 'ಯಜಮಾನರಿಗೆ ಅಭಿನಂದನೆ ಹೇಳು' ಅಂದ. ಅಷ್ಟೇ."

ಆ ಅಭಿನಂದನೆ ಟೈಲರನ ಎದೆಗೆ ಸೂಜಿಯಂತೆ ಚುಚ್ಚಿತು. "ನಾನು ಒಂದೇ ಒಂದು ಸಲ ತಟ್ಟಿದ್ರೆ ನನ್ನ ಕೈ ಬಿದ್ದುಹೋಗ್ಲಿ ಕಣೇ" ಎಂದ.

"ಹದಿನೆಂಟು ಸಾವಿರ ಏನು ಗಾಳಿಗೆ ಬಂತಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಅವಳು ಹೊರಟುಹೋದಳು. ಅವಳ ಕಣ್ಣಲ್ಲಿ ನೀರಿತ್ತು. ಟೈಲರ್ ಡಬ್ಬಿಯ ಮುಚ್ಚಳ ತೆಗೆಯಲೇ ಇಲ್ಲ.

ಅಷ್ಟರಲ್ಲಿ ರೇಡಿಯೋ ಮತ್ತೆ ಬಂದ. "ಗುಟ್ಟು ನನಗಾದ್ರೂ ಹೇಳಿ. ಇಲ್ಲಿ ನೋಡಿ, ಆ್ಯಪಲ್ಲಿ ಅಭ್ಯಾಸ ಅಂತ ಒಂದು ಗುಂಡಿ ಇದೆ, ಹಗಲಲ್ಲೂ ಎಣಿಸುತ್ತೆ. ಒಂದು ಸಲ ತಟ್ಟಿ ತೋರಿಸಿ, ಕಲೀತೀನಿ" ಎಂದು ಟೈಲರನ ಫೋನಿನಲ್ಲಿ ಆ ಗುಂಡಿ ಒತ್ತಿದ.

"ತಟ್ಟಲ್ಲ. ನಂಗೆ ಕೆಲಸ ಇದೆ" ಎಂದು ಟೈಲರ್ ಸಿಟ್ಟಿನಿಂದ ಒಂದು ಕಾಲರು ಎಳೆದುಕೊಂಡು ಪೆಡಲು ತುಳಿದ. ಹಲಗೆ ಪಟಪಟ ಬಡಿಯಿತು. ಹಲಗೆಯ ಮೇಲಿದ್ದ ಫೋನಿನಲ್ಲಿ ನಲವತ್ತು, ಎಂಬತ್ತು, ನೂರಿಪ್ಪತ್ತು ಎಂದು ಅಂಕಿ ಏರತೊಡಗಿತು. ತುಳಿತ ನಿಲ್ಲಿಸಿದ. ಅಂಕಿ ನಿಂತಿತು. ತುಳಿದ. ಏರಿತು.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಟೈಲರ್ ಪೆಡಲಿನಿಂದ ಕಾಲು ತೆಗೆದ. ಯಾವ ದನಿಯನ್ನು ಮುಚ್ಚಲು ಇಷ್ಟು ದಿನ ಬೆವರು ಸುರಿಸಿ ತುಳಿದನೋ, ಆ ದನಿಗೇ ಅಷ್ಟೂ ಚಪ್ಪಾಳೆ ಸಂದಾಯವಾಗಿತ್ತು.

"ಸಂಜೆ ನಾಲ್ಕಕ್ಕೆ ಅಧಿಕಾರಿ ಪದಕ ತರ್ತಾರಂತೆ," ರೇಡಿಯೋ ಮೆಲ್ಲಗೆ ಹೇಳಿದ. "ಬಾಯಿ ಬಿಡಬೇಡಿ. ಹಾಕಿಸಿಕೊಳ್ಳಿ. ಅರಸಿ ಬಂದ ಲಕ್ಷ್ಮೀನ ಒದೀಬಾರದು."

"ನಮ್ಮ ಭಾವ ಬೋರ್ಡು ಬರೀತಾ ಇದ್ದಾರೆ ರೇಡಿಯೋ. ನಾನು ಪದಕ ಹಾಕ್ಕೊಂಡು ಅವರೆದುರು ಹೆಂಗೆ ನಿಲ್ಲಲಿ?"

ರೇಡಿಯೋ ಫೋನನ್ನು ಕವುಚಿಟ್ಟು ತನ್ನ ಅಂಗಡಿಗೆ ಹೋದ.

ನಾಲ್ಕು ಗಂಟೆಗೆ ಸರಿಯಾಗಿ ವ್ಯಾನು ಬಂತು. ವಾರ್ಡಿನ ಅಧಿಕಾರಿ ಇಳಿದರು. ಹಿಂದೆ ಫೋಟೋ ತೆಗೆಯುವವನು, ಇಬ್ಬರು ಆಳುಗಳು. ಬೀದಿಯೆಲ್ಲ ನೆರೆಯಿತು. ಹೆಂಡತಿ ಗುಂಪಿನ ಹಿಂದೆ ಸೆರಗು ಹಿಡಿದು ನಿಂತಳು. ರಸ್ತೆಯ ಆಚೆ, ತಾವೇ ಬರೆದ ಔಷಧಿ ಅಂಗಡಿಯ ಬೋರ್ಡಿನ ಕೆಳಗೆ, ಭಾವ ಕೈಕಟ್ಟಿ ನಿಂತಿದ್ದರು.

ಅಧಿಕಾರಿ ಕಾಗದ ಬಿಚ್ಚಿದರು. "ಮಹಾಜನರೇ, ಮಂಗಳವಾರದ ಭಾಷಣ ನೆನಪಿದೆಯಾ? ದಾರ, ಗುಂಡಿ, ಸೂಜಿಗಳ ಮೇಲೆ ತೆರಿಗೆ ಎಂದ ತಕ್ಷಣ ಇಡೀ ವಾರ್ಡಿನ ಕೈಗಳು ನಿಂತುಹೋಗಿವೆ. ಈ ಬಡ ಟೈಲರ ಕೈ ಮಾತ್ರ ಎರಡು ಪಟ್ಟು ಜೋರಾಗಿದೆ. ತ್ಯಾಗ ಎಂದರೆ ಇದು."

ಆ ಮಂಗಳವಾರ ಸಿಟ್ಟಿಗೆ ಎರಡು ಸೂಜಿ ಮುರಿದದ್ದು ಟೈಲರನಿಗೆ ನೆನಪಾಯಿತು. ಪದಕ ಕೊರಳ ಹತ್ತಿರ ಬಂದಾಗ ಅವನು ಒಂದು ಹೆಜ್ಜೆ ಹಿಂದೆ ಸರಿದ.

"ಸಾರ್, ನಾನು ತಟ್ಟಿಲ್ಲ."

ಅಧಿಕಾರಿ ನಗುತ್ತಲೇ ಕಿವಿಯ ಬಳಿ ಬಗ್ಗಿದರು. "ನಿಮ್ಮಿಂದ ಈ ವಾರ್ಡು ಜಿಲ್ಲೆಗೇ ಮೊದಲು ಬಂದಿದೆ. ನನ್ನ ಬಡ್ತಿ ಕಾಗದಕ್ಕೆ ಸಹಿ ಬಿದ್ದಿದೆ. ತಟ್ಟಿದ್ದೀರಿ, ಸುಮ್ಮನಿರಿ. ನಿಮ್ಮ ಭಾವನ ಗತಿ ಗೊತ್ತಲ್ಲ?"

"ಗೊತ್ತು ಸಾರ್. ಅದಕ್ಕೇ ಹೇಳ್ತಿರೋದು."

ಅವನು ಹೋಗಿ ಮೆಷಿನ್ನಿನ ಮುಂದೆ ಕೂತ. ಫೋನಿನ ಅಭ್ಯಾಸದ ಗುಂಡಿ ಒತ್ತಿ ಹಲಗೆಯ ಮೇಲಿಟ್ಟು, ಎರಡೂ ಕೈಯನ್ನು ಎಲ್ಲರಿಗೂ ಕಾಣುವಂತೆ ಮೇಲೆತ್ತಿ, ಪೆಡಲು ತುಳಿದ. ಪಟಪಟ ಪಟಪಟ. ಅಂಕಿ ಏರಿತು. "ಇದು ಸಡಿಲ ತಿರುಪಿನ ಚಪ್ಪಾಳೆ. ನನ್ನದಲ್ಲ. ನನ್ನ ಕೈ ಇವತ್ತಿನವರೆಗೆ ಒಂದು ಸಲಾನೂ ತಟ್ಟಿಲ್ಲ" ಎಂದ. ದನಿ ಸಣ್ಣದಾಗಿತ್ತು, ಆದರೆ ರಸ್ತೆಯ ಆಚೆಗೂ ಕೇಳಿಸಿತು.

ಅಧಿಕಾರಿಯ ಮುಖ ಬಿಳಿಚಿತು, ಕೆಂಪಾಯಿತು. ಆದರೆ ಐದು ವರ್ಷ ವಾರ್ಡಿನ ಕುರ್ಚಿಯಲ್ಲಿ ಉಳಿದವರು ಸಾಮಾನ್ಯರೇ? ಒಂದು ನಿಮಿಷ ಯೋಚಿಸಿ ಎರಡೂ ತೋಳು ಚಾಚಿದರು.

"ಕೇಳಿದಿರಾ ಮಹಾಜನರೇ? ನಮ್ಮ ನಾಯಕರ ಮಾತಿಗೆ ಮನುಷ್ಯರಷ್ಟೇ ಅಲ್ಲ, ಮರ ಕಬ್ಬಿಣಗಳೂ ಚಪ್ಪಾಳೆ ತಟ್ಟುತ್ತಿವೆ. ಈ ಮೆಷಿನ್ನು ಇನ್ನು ನಾಡಿನ ಆಸ್ತಿ. ರಾಜಧಾನಿಯ ವಸ್ತುಪ್ರದರ್ಶನದಲ್ಲಿ ನಾಯಕರ ಎದುರಿಗೇ ತಟ್ಟಲಿದೆ."

ಪದಕವನ್ನು ಮೆಷಿನ್ನಿನ ಚಕ್ರಕ್ಕೆ ನೇತುಹಾಕಿದರು. ಫೋಟೋ ಆಯಿತು. ಆಳುಗಳು ಮೆಷಿನ್ನಿಗೆ ಕೈ ಹಾಕಿದರು. ಅಪ್ಪನ ಮೆಷಿನ್ನು ಎಂದು ಟೈಲರ್ ಅದರ ಹಲಗೆಗೆ ಕೈಯೂರಿದ.

"ಒಂದು ನಿಮಿಷ ಸಾರ್. ದೂರದ ದಾರಿ, ಅಲುಗಾಡಿ ಕೆಟ್ಟೀತು" ಎಂದು ಅವನು ಡ್ರಾಯರಿನಿಂದ ತಿರುಪುಳಿ ತೆಗೆದು ಮೆಷಿನ್ನಿನ ಕೆಳಗೆ ಬಗ್ಗಿದ. ಮೂರು ಸುತ್ತು. ಹನ್ನೆರಡು ವರ್ಷದ ನಾಳೆ ಇವತ್ತು ಬಂತು. ಇನ್ನು ಆ ಮೆಷಿನ್ನನ್ನು ಯಾರು ಎಷ್ಟು ತುಳಿದರೂ ಒಂದು ಚಪ್ಪಾಳೆಯೂ ಬೀಳುವ ಹಾಗಿರಲಿಲ್ಲ. ಅಧಿಕಾರಿ "ಜವಾಬ್ದಾರಿ ಇರೋ ಮನುಷ್ಯ" ಎಂದು ಹೊಗಳಿದರು. ಅದನ್ನು ಕಂಡು ಅರ್ಥ ಮಾಡಿಕೊಂಡವರು ಒಬ್ಬರೇ. ರಸ್ತೆಯ ಆಚೆ ಭಾವ ಕಟ್ಟಿದ್ದ ಕೈ ಬಿಚ್ಚಿದರು.

ಏಳು ಗಂಟೆಗೆ ಟೈಲರ್ ಬರಿದಾದ ಅಂಗಡಿಯಲ್ಲಿ ಸ್ಟೂಲಿನ ಮೇಲೆ ಕೂತು ಒಂದು ಅಂಗಿಯ ಗುಂಡಿಗಳಿಗೆ ಕೈಯಲ್ಲೇ ಕಾಜಾ ಹೊಲಿಯುತ್ತಿದ್ದ. ಮೆಷಿನ್ನಿದ್ದ ಜಾಗದಲ್ಲಿ ನಾಲ್ಕು ಕಾಲಿನ ಗುರುತು ಉಳಿದಿತ್ತು. ಫೋನು ಮೇಜಿನ ಮೇಲೆ ಬಾಯಿ ತೆರೆದು ಭಾಷಣ ಶುರು ಮಾಡಿತು. ಮುಚ್ಚಲು ಬಟ್ಟೆ ಹುಡುಕಲಿಲ್ಲ. ಒದರಿಕೊಳ್ಳಲಿ ಎಂದು ಬಿಟ್ಟ. ಅಂಕಿ ಸೊನ್ನೆಯಲ್ಲಿ ನಿಂತಿತ್ತು. ಆ ಸೊನ್ನೆಯನ್ನು ನೋಡಿ ಅವನಿಗೆ ಹಬ್ಬದೂಟ ಉಂಡಷ್ಟು ತೃಪ್ತಿಯಾಯಿತು.

ಹೆಂಡತಿ ಒಳಗೆ ಬಂದಳು. ಹಿಂದೆಯೇ ಭಾವ. ಅವರ ಹಿಂದೆ, ಕರೆಯದಿದ್ದರೂ, ರೇಡಿಯೋ. ರೇಡಿಯೋ ಬಂದ ಮೇಲೆ ಅರ್ಧ ಬೀದಿ ಬಾಗಿಲಲ್ಲಿ ನಿಲ್ಲದೆ ಇರುತ್ತದೆಯೇ?

"ನಿನ್ನ ಅಳತೆ ತಪ್ಪಾಗಿ ತೆಗೆದಿದ್ದೆ ಮಾರಾಯ," ಭಾವ ಅವನ ಹೆಗಲ ಮೇಲೆ ಕೈಯಿಟ್ಟರು. "ನೀನು ಒಳಗೆ ಮಡಚಿಟ್ಟಿದ್ದ ಅರ್ಧ ಇಂಚು ನನಗೆ ಕಾಣಲಿಲ್ಲ."

ಟೈಲರನಿಗೆ ಸೂಜಿಯ ಕಣ್ಣು ಮಂಜಾಗಿ ಕಾಣುತ್ತಿತ್ತು.

"ಮೆಷಿನ್ನು ಹೋದ್ರೆ ಹೋಗ್ಲಿ ರೀ," ಹೆಂಡತಿ ಅಳುತ್ತಾ ನಗುತ್ತಾ ಹೇಳಿದಳು. "ಮದುವೆಯಾಗಿ ಇಪ್ಪತ್ತು ವರ್ಷಕ್ಕೆ ಇಷ್ಟು ಹೆಮ್ಮೆ ನಂಗೆ ಯಾವತ್ತೂ ಆಗಿರಲಿಲ್ಲ." ಹೇಳಿದವಳೇ ಸಂತೋಷ ತಡೆಯಲಾರದೆ ಎರಡೂ ಕೈ ಸೇರಿಸಿ ಚಪ್ಪಾಳೆ ತಟ್ಟಿದಳು. ಭಾವ ತಟ್ಟಿದರು. ರೇಡಿಯೋ ಬೊಬ್ಬೆ ಮರೆತು ತಟ್ಟಿದ. ಬಾಗಿಲಲ್ಲಿದ್ದವರು ತಟ್ಟಿದರು, ರಸ್ತೆಯಲ್ಲಿದ್ದವರೂ ತಟ್ಟಿದರು. ಐದು ವರ್ಷದಲ್ಲಿ ಆ ಬೀದಿ ಮನಸಾರೆ ಚಪ್ಪಾಳೆ ತಟ್ಟಿದ್ದು ಅದೇ ಮೊದಲು. ಹಾಗಾಗಿ ಯಾರಿಗೂ ನಿಲ್ಲಿಸುವ ಮನಸ್ಸಾಗಲಿಲ್ಲ. ಹತ್ತು ನಿಮಿಷ ತಟ್ಟಿದರು. ಟೈಲರನ ಎದೆ ಅರ್ಧ ಇಂಚು ಉಬ್ಬಿತು.

ಆಗ ಮೇಜಿನ ಮೇಲಿದ್ದ ಫೋನು ಗಂಟೆ ಬಾರಿಸಿತು. ಹೆಣ್ಣುದನಿಯೊಂದು ಜೇನು ಸುರಿದಂತೆ ಹೇಳಿತು: "ಅಭಿನಂದನೆಗಳು. ಇಂದು ಇಡೀ ನಾಡಿನಲ್ಲಿ ತಾವೇ ಪ್ರಥಮ. ಮೂವತ್ತೊಂದು ಸಾವಿರದ ಇನ್ನೂರು. ನಾಳೆ ಸಂಜೆ ನಾಲ್ಕಕ್ಕೆ ಅಧಿಕಾರಿಗಳು ವ್ಯಾನಿನೊಂದಿಗೆ ಬರುತ್ತಾರೆ."

ಎಲ್ಲರ ಕೈಗಳೂ ಎದೆಯ ಮುಂದೆ, ಒಂದಕ್ಕೊಂದು ತಾಗದಂತೆ, ಅಲ್ಲಲ್ಲೇ ನಿಂತವು. ಭಾಷಣ ನಡೆಯುತ್ತಿರುವುದನ್ನು ಎಲ್ಲರೂ ಮರೆತೇಬಿಟ್ಟಿದ್ದರು.

"ನಾಳೇನೂ ಹಂಗೇ ಹೇಳಿಬಿಡಿ," ಹೆಂಡತಿ ಪಿಸುಗುಟ್ಟಿದಳು. "ತಟ್ಟಿದ್ದು ನಾನಲ್ಲ ಅಂತ."

ಟೈಲರ್ ಮೆಷಿನ್ನು ಹೋದ ಜಾಗವನ್ನು ನೋಡಿದ. ಆಮೇಲೆ ಹೆಂಡತಿಯನ್ನು, ಭಾವನನ್ನು, ಬಾಗಿಲ ತುಂಬ ನಿಂತವರನ್ನು ನೋಡಿದ.

"ಹೆಂಗೆ ಹೇಳಲಿ ಕಣೇ? ತಟ್ಟಿದ್ದು ಯಾರು ಅಂತ ಗೊತ್ತಾದ್ರೆ ಅವರನ್ನೇ ವ್ಯಾನಿಗೆ ಹಾಕ್ತಾರೆ."

ಅಷ್ಟು ಜನರ ನಡುವೆ ಚಪ್ಪಾಳೆ ತಟ್ಟದೆ ಉಳಿದ ಕೈಗಳು ಅವನವೆರಡೇ. ಒಂದರಲ್ಲಿ ಸೂಜಿ, ಇನ್ನೊಂದರಲ್ಲಿ ಮುಗಿಯದ ಅಂಗಿ ಹಿಡಿದುಕೊಂಡು, ಅವನು ಪದಕಕ್ಕೆ ಕೊರಳು ಕೊಡುವುದು ಹೇಗೆಂದು ಯೋಚಿಸತೊಡಗಿದ.