ಸೇತುವೆಯ ಒಳಾರ್ಥ

ಬಹಳ ಹಿಂದೆ, ಪತ್ರಿಕೆಗಳಿಗೆ ಅಂಕಣಕಾರರೆಂಬವರು ಅಂಟಿಕೊಳ್ಳುವುದಕ್ಕೂ ಮುಂಚೆ, ಪ್ರಶಾಂತಗಿರಿ ಎಂಬ ರಾಜ್ಯವೊಂದಿತ್ತು. ಅದನ್ನು ಆಳುತ್ತಿದ್ದವರು ಶ್ರೀಮನ್ಮಹಾರಾಜ ಪ್ರಚಂಡವರ್ಮ ಪ್ರಭುಗಳು. ಪ್ರಭುಗಳು ಜೀವಮಾನದಲ್ಲಿ ಮಾಡಿದ ಯುದ್ಧ ಒಂದೇ, ಅದು ನೆಗಡಿಯ ಜೊತೆ. ಅದೂ ಡ್ರಾ ಆಯಿತು. ರಾಜ್ಯದ ನಟ್ಟನಡುವೆ ತಿಳಿಹೊಳೆ ಹರಿಯುತ್ತಿತ್ತು. ಈಚೆ ದಡದಲ್ಲಿ ಅರಮನೆ, ಆಸ್ಪತ್ರೆ, ಪ್ರೌಢಶಾಲೆ ಇದ್ದವು. ಆಚೆ ದಡದಲ್ಲಿ ಜನ ಇದ್ದರು.

ಆ ಪ್ರೌಢಶಾಲೆಯಲ್ಲಿ ಕಪನಯ್ಯ ಮೇಷ್ಟ್ರು ಇಪ್ಪತ್ತಾರು ವರ್ಷದಿಂದ ಹತ್ತನೇ ತರಗತಿಗೆ ಪದ್ಯ ಪಾಠ ಮಾಡುತ್ತಿದ್ದರು. ಪದ್ಯದ ಒಳಾರ್ಥ ತೆಗೆಯುವುದರಲ್ಲಿ ಅವರನ್ನು ಬಿಟ್ಟರೆ ಇನ್ನೊಬ್ಬರಿಲ್ಲ ಎಂದು ಊರೆಲ್ಲ ಹೇಳುತ್ತಿತ್ತು. ಊರಿಗಿಂತ ಮೊದಲು ಅವರೇ ಹೇಳಿಕೊಂಡಿದ್ದರು. ಅವರ ವಿದ್ಯೆ ಸರಳವಾಗಿತ್ತು. ಪದ್ಯದಲ್ಲಿ ಹಕ್ಕಿ ಬಂದರೆ ಜೀವಾತ್ಮ, ದೀಪ ಬಂದರೆ ಜ್ಞಾನ, ಹೊಳೆ ಬಂದರೆ ಸಂಸಾರ. ಇಷ್ಟೇ ನೋಟ್ಸಿನಲ್ಲಿ ಇಪ್ಪತ್ತಾರು ಬ್ಯಾಚು ಪಾಸಾಗಿ ಹೋಗಿದ್ದವು. ಪಾಸಾದ ಮೇಲೆ ಅವರಲ್ಲಿ ಒಬ್ಬರೂ ಪದ್ಯದ ಪುಸ್ತಕ ಮುಟ್ಟಿರಲಿಲ್ಲ ಎಂಬುದನ್ನು ಮೇಷ್ಟ್ರು ವಿದ್ಯಾರ್ಥಿಗಳ ದೋಷವೆಂದೇ ತಿಳಿದಿದ್ದರು.

ಒಂದು ದಿನ ಅವರು ಕೊಕ್ಕರೆಯ ಮೇಲಿನ ಪದ್ಯ ಮಾಡುತ್ತಿದ್ದರು. ಹೊಳೆಯ ದಡದಲ್ಲಿ ಒಂಟಿ ಕೊಕ್ಕರೆ, ಕಾಲೊಂದನ್ನು ಮಡಿಸಿ ನಿಂತಿದೆ.

“ಇದರ ಒಳಾರ್ಥ ಏನು?” ಎಂದು ಕೇಳಿದರು.

ಮೂವತ್ತು ಜೊತೆ ಕಣ್ಣುಗಳು ಕಿಟಕಿಯ ಕಡೆ ನೋಡಿದವು. ಹದಿನೈದು ವರ್ಷದವರಿಗೆ ಒಳಾರ್ಥ ಎಂದರೆ ದೊಡ್ಡವರು ಬೇಕೆಂದೇ ಬಚ್ಚಿಟ್ಟು ಆಮೇಲೆ ಹುಡುಕಲು ಹೇಳುವ ವಸ್ತು. ಕೊನೆಗೆ ಚೆನ್ನಾಜಿ ಎದ್ದು ನಿಂತಳು. ಅವಳು ಆಚೆ ದಡದವಳು. ಅವಳ ಅಪ್ಪ ತಿಳಿಹೊಳೆಯ ಅಂಬಿಗ. ದಿನಾ ಬೆಳಿಗ್ಗೆ ಆಚೆಯ ಹದಿನೇಳು ಮಕ್ಕಳನ್ನು ದೋಣಿಯಲ್ಲಿ ಕೂರಿಸಿಕೊಂಡು ಶಾಲೆಗೆ ದಾಟಿಸುತ್ತಿದ್ದವನು ಅವನೇ.

“ಸಾರ್, ಅದು ಮೀನು ಕಾಯ್ತಾ ನಿಂತಿರೋದು. ನಾನು ದಿನಾ ನೋಡ್ತೀನಿ.”

“ಅದು ಮೇಲರ್ಥ ಕಣಮ್ಮ. ಒಳಗೆ ಹೋಗು. ಜೀವಾತ್ಮ…”

“ಅದಲ್ಲ ಸಾರ್. ನಮ್ಮ ಹೊಳೇಲಿ ಕೊಕ್ಕರೆಗಳು ಹಿಂಡಲ್ಲಿ ಇರ್ತವೆ. ಪದ್ಯ ಬರೆದೋರು ಯಾಕೆ ಒಂದನ್ನೇ ನೋಡಿದ್ರು? ಒಂಟಿಯಾಗಿದ್ದೋರು ಕವಿ ಅಂತ ಕಾಣುತ್ತೆ.”

ಮೇಷ್ಟ್ರ ಕೈಯಲ್ಲಿದ್ದ ಸೀಮೆಸುಣ್ಣ ಅಲ್ಲೇ ನಿಂತಿತು. ಇಪ್ಪತ್ತಾರು ವರ್ಷದಲ್ಲಿ ಅವರ ತರಗತಿಯಲ್ಲಿ ಯಾರೋ ಪದ್ಯ ಓದಿದ್ದು ಅದೇ ಮೊದಲು. ತಾವೂ ಸೇರಿದಂತೆ. ಮೈ ಜುಮ್ಮೆಂದಿತು. ಇರುವುದನ್ನು ಮೊದಲು ನೋಡಬೇಕು. ಆಮೇಲೆ, ಬರೆದವನು ಇದನ್ನೇ ಯಾಕೆ ಹೇಳಿದ, ಅದನ್ನು ಯಾಕೆ ಬಿಟ್ಟ ಎಂದು ಕೇಳಬೇಕು. ಇಷ್ಟು ಸಣ್ಣ ಮಾತು ತಮಗೆ ಹೊಳೆದಿರಲಿಲ್ಲವಲ್ಲ ಎಂದು ಒಂದು ಗಳಿಗೆ ನಾಚಿಕೊಂಡರು. ಮರುದಿನ ಅದಕ್ಕೆ ‘ಕಪನಯ್ಯ ಪದ್ಧತಿ’ ಎಂದು ಹೆಸರಿಟ್ಟು ಸ್ಟಾಫ್ ರೂಮಿನಲ್ಲಿ ಪ್ರಚಾರ ಮಾಡಿದರು. (ಬರೆಯುವ ಕಸುಬಿನ ಎಲ್ಲರಿಗೂ ಈ ಕಾಯಿಲೆ ಉಂಟು. ಈ ಕತೆ ಹೇಳುತ್ತಿರುವವನ ವಿಷಯ ಇಲ್ಲಿ ಬೇಡ.)

ಪ್ರಚಾರ ಫಲ ಕೊಟ್ಟಿತು. ತಿಂಗಳೊಳಗೆ ವಿದ್ಯಾಮಂತ್ರಿ ಗುಣಸಾಗರರು ತಪಾಸಣೆಗೆ ಬಂದರು. ಹಿಂದೆ ಕುದುರೆ ಲಾಯದ ಖಾತೆಯಲ್ಲಿದ್ದವರು. ಖಾತೆ ಬದಲಾದರೂ ಅಭ್ಯಾಸ ಬದಲಾಗಿರಲಿಲ್ಲ, ಮೊದಲು ನಾಲ್ಕೈದು ಮಕ್ಕಳ ಹಲ್ಲು ನೋಡಿದರು. ಆಮೇಲೆ ಹಿಂದಿನ ಬೆಂಚಿನಲ್ಲಿ ಕೂತು ಪಾಠ ಕೇಳಿದರು.

“ಹೇಳಿದ್ದು ಒಂದು, ಅದರೊಳಗಿನ ಅರ್ಥ ಇನ್ನೊಂದು,” ಎಂದು ಮೇಷ್ಟ್ರು ಹೇಳುತ್ತಿದ್ದಂತೆಯೇ ಮಂತ್ರಿಗಳು ಎದ್ದು ನಿಂತರು.

“ಇದು ಪದ್ಯಕ್ಕೆ ಮಾತ್ರವೋ, ಆಶ್ವಾಸನೆಗಳಿಗೂ ಅನ್ವಯಿಸುತ್ತದೋ?”

ಆ ಪ್ರಶ್ನೆಗೆ ಕಾರಣವಿತ್ತು. ಪಟ್ಟಾಭಿಷೇಕದ ದಿನ ಪ್ರಭುಗಳು ತಿಳಿಹೊಳೆಗೆ ಸೇತುವೆ ಕಟ್ಟಿಸುವುದಾಗಿ ವಾಗ್ದಾನ ಮಾಡಿದ್ದರು. ಈವರೆಗೆ ಏಳು ಬಾರಿ ಶಂಕುಸ್ಥಾಪನೆ ನಡೆದಿತ್ತು. ಏಳು ಕಲ್ಲುಗಳೂ ದಡದಲ್ಲಿ ಸಾಲಾಗಿ ಇದ್ದವು, ಹೆಂಗಸರು ಅವುಗಳ ಮೇಲೆ ಬಟ್ಟೆ ಒಗೆಯುತ್ತಿದ್ದರು. ಅಷ್ಟರಮಟ್ಟಿಗೆ ಯೋಜನೆ ಜನರನ್ನು ತಲುಪಿತ್ತು. ಈಗ ಆಷಾಢದಲ್ಲಿ ಪ್ರಭುಗಳ ಅರವತ್ತನೇ ಹುಟ್ಟುಹಬ್ಬ, ಅಂದೇ ಸೇತುವೆಯ ಲೋಕಾರ್ಪಣೆ ಎಂದು ಪ್ರೆಸ್ ನೋಟು ಹೋಗಿಬಿಟ್ಟಿತ್ತು.

ಮಂತ್ರಿಗಳು ಮೇಷ್ಟ್ರನ್ನು ಪಲ್ಲಕ್ಕಿಯಲ್ಲೇ ಆಸ್ಥಾನಕ್ಕೆ ಕರೆದೊಯ್ದರು.

“ಪಂಡಿತರೇ,” ಎಂದರು ಪ್ರಭುಗಳು, “ನಾವು ಸೇತುವೆ ಎಂದಿದ್ದೆವು. ನಮ್ಮ ಆ ನುಡಿಯ ಒಳಾರ್ಥವೇನಿರಬಹುದು?”

ಕಪನಯ್ಯನವರ ನಾಲಿಗೆಯ ತುದಿಗೆ ಬಂದದ್ದು ‘ಸೇತುವೆ’ ಎಂಬ ಉತ್ತರವೇ. ಆದರೆ ಪಕ್ಕದಲ್ಲಿ ಬೆಳ್ಳಿ ತಟ್ಟೆಯಲ್ಲಿ ಮಡಿಸಿಟ್ಟ ಜರಿ ಶಾಲು ಕಾಣಿಸಿತು. ಇಪ್ಪತ್ತಾರು ವರ್ಷದಲ್ಲಿ ಅವರಿಗೆ ಬಂದ ಉಡುಗೊರೆಗಳೆಂದರೆ ಪೆನ್ನುಗಳು, ಅವುಗಳಲ್ಲೂ ಅರ್ಧ ಬರೆಯುತ್ತಿರಲಿಲ್ಲ.

“ಪ್ರಭು, ಕಲ್ಲಿನ ಸೇತುವೆಯನ್ನು ಯಾವ ಮೇಸ್ತ್ರಿಯಾದರೂ ಕಟ್ಟಿಯಾನು. ತಾವು ನುಡಿದದ್ದು ಮನಸ್ಸಿನಿಂದ ಮನಸ್ಸಿಗೆ ಹಾಯುವ ಸೇತುವೆ. ಅದು ತಾವು ನುಡಿದ ಕ್ಷಣವೇ ಪೂರ್ಣಗೊಂಡಿದೆ.”

ಪ್ರಭುಗಳ ಕಣ್ಣು ತುಂಬಿತು. “ನಾವು ಇಷ್ಟು ಆಳವಾಗಿ ಯೋಚಿಸಿದ್ದೆವು ಎಂದು ನಮಗೇ ಗೊತ್ತಿರಲಿಲ್ಲ.”

ಶಾಲು ಹೆಗಲಿಗೆ ಬಂತು, ಒಳಾರ್ಥ ಪ್ರಾಧಿಕಾರದ ಅಧ್ಯಕ್ಷ ಎಂಬ ಹುದ್ದೆಯೂ ಬಂತು. ಅಂದೇ ಫರ್ಮಾನು ಹೊರಟಿತು: ಸೇತುವೆ ಅರ್ಥತಃ ಸಂಪನ್ನವಾಗಿರುವುದರಿಂದ ದೋಣಿಗಳು ಅನಾವಶ್ಯಕ, ಒಂದೇ ಸೇವೆಯ ಡೂಪ್ಲಿಕೇಟ್ ತಪ್ಪಿಸುವ ಸಲುವಾಗಿ ಅವನ್ನು ಮುಟ್ಟುಗೋಲು ಹಾಕಿ ವಸ್ತು ಸಂಗ್ರಹಾಲಯಕ್ಕೆ ಸೇರಿಸತಕ್ಕದ್ದು. ಚೆನ್ನಾಜಿಯ ಅಪ್ಪನ ದೋಣಿಗೆ ‘ಪುರಾತನ ಸಾರಿಗೆ’ ಎಂಬ ಬೋರ್ಡು ಬಿತ್ತು. ನೋಡಲು ಅವನಿಗೂ ಟಿಕೆಟ್ಟು ಬೇಕಾಯಿತು.

ಆಚೆಯ ಮಕ್ಕಳು ಹೊಳೆಯಲ್ಲಿ ನಡೆದೇ ಬರತೊಡಗಿದರು. ಬೇಸಿಗೆಯಾದ್ದರಿಂದ ನೀರು ತೊಡೆಮಟ್ಟ ಇತ್ತು. ತಲೆಯ ಮೇಲೆ ಪುಸ್ತಕದ ಗಂಟು ಹೊತ್ತು, ಒದ್ದೆ ಬಟ್ಟೆಯಲ್ಲೇ ಬೆಂಚಿನ ಮೇಲೆ ಕೂರುತ್ತಿದ್ದರು. ಮೇಷ್ಟ್ರು ಆ ಬೆಂಚುಗಳ ಕಡೆ ನೋಡದೆ ಪಾಠ ಮಾಡುವುದನ್ನು ಕಲಿತರು. ಪಾಠವೂ ಅವರದೇ ಆಗಿತ್ತು. ಹೊಸ ಸಿಲಬಸ್ಸಿಗಾಗಿ ಅವರು ‘ಸೇತು ಸ್ತವನ’ ಎಂಬ ಹದಿನಾರು ಸಾಲಿನ ಪದ್ಯ ರಚಿಸಿದ್ದರು.

ಕಾಣದ ಸೇತುವೆ ಕರೆಯುತಿದೆ, ಬಾ,
ಕಣ್ಣನು ಮುಚ್ಚಿ ನಡೆ ಮುಂದೆ…

ಆ ತಿಂಗಳ ಪರೀಕ್ಷೆಯಲ್ಲಿ ಐದು ಅಂಕದ ಪ್ರಶ್ನೆ ಬಂತು: ‘ಸೇತು ಸ್ತವನದ ಒಳಾರ್ಥ ವಿವರಿಸಿ.’ ಕೀ ಆನ್ಸರು ಆಸ್ಥಾನದಿಂದಲೇ ಮುದ್ರಿತವಾಗಿ ಬಂದಿತ್ತು: ಮನಸ್ಸು ಮನಸ್ಸುಗಳ ಮಿಲನ. ಮೇಷ್ಟ್ರು ಶಾಲು ಹೊದ್ದು ಉತ್ತರ ಪತ್ರಿಕೆ ತಿದ್ದುತ್ತಾ ಕೂತರು. ಮಿಲನ, ಮಿಲನ, ಮಿಲನ. ಆಮೇಲೆ ಚೆನ್ನಾಜಿಯ ಪತ್ರಿಕೆ ಬಂತು.

‘ಸೇತುವೆ ಇದ್ದರೆ ಕಣ್ಣು ಬಿಟ್ಟುಕೊಂಡೇ ನಡೆಯಬಹುದು. ಇವರು ಮುಚ್ಚಿಕೋ ಅಂದಿದ್ದಾರೆ. ಹದಿನಾರು ಸಾಲಿನಲ್ಲಿ ಹೊಳೆ ಐದು ಸಲ ಬಂದಿದೆ. ನೀರು ಅನ್ನುವ ಮಾತು ಒಂದು ಸಲವೂ ಬಂದಿಲ್ಲ. ಹೊಳೆಯ ಬಗ್ಗೆ ಬರೆದು ನೀರಿನ ಹೆಸರು ಎತ್ತದವರಿಗೆ, ಆ ನೀರಿನಲ್ಲಿ ಯಾರು ನಡೆದು ಬರುತ್ತಿದ್ದಾರೆ ಅಂತ ಗೊತ್ತಿದೆ. ಆದ್ದರಿಂದ ಪದ್ಯದ ಒಳಾರ್ಥ ಏನೆಂದರೆ, ಕವಿಗೆ ನಾಚಿಕೆಯಾಗಿದೆ.’

ಮೇಷ್ಟ್ರು ಪದ್ಯ ತೆಗೆದು ಎಣಿಸಿದರು. ಹೊಳೆ ಐದು. ನೀರು ಸೊನ್ನೆ. ಬರೆಯುವಾಗ ಅವರಿಗೇ ತಿಳಿದಿರಲಿಲ್ಲ. ಮೊದಲು ಮುಖ ಬಿಸಿಯಾಯಿತು. ಆಮೇಲೆ, ಯಾರೂ ನಂಬಲಿಕ್ಕಿಲ್ಲ, ಅವರಿಗೆ ಸಂತೋಷವಾಯಿತು. ತಮ್ಮ ಕೆಟ್ಟ ಪದ್ಯವನ್ನು ಒಬ್ಬಳು ಇಷ್ಟು ಚೆನ್ನಾಗಿ ಓದಿದ್ದಳು. ಅವಳಿಗೆ ಓದಲು ಕಲಿಸಿದವನು ತಾನು ಎಂದುಕೊಳ್ಳಲು ಹೋದರು, ಅದು ಸುಳ್ಳೆಂದು ನೆನಪಾಗಿ ಸುಮ್ಮನಾದರು. ಐದಕ್ಕೆ ಐದು ಹಾಕಿ, ಶಾಲು ಕೈಯಲ್ಲಿ ಹಿಡಿದುಕೊಂಡು ಅರಮನೆಗೆ ನಡೆದರು.

ಆಸ್ಥಾನ ತುಂಬಿತ್ತು. ಮೇಷ್ಟ್ರು ಶಾಲನ್ನು ಸಿಂಹಾಸನದ ಮೆಟ್ಟಿಲ ಮೇಲಿಟ್ಟರು.

“ಪ್ರಭು, ಸೇತುವೆ ಇಲ್ಲ.”

ಪ್ರಭುಗಳು ಮಂತ್ರಿಗಳ ಕಡೆ ತಿರುಗಿದರು. “ಇದರ ಒಳಾರ್ಥ?”

ಗುಣಸಾಗರರು ಕ್ಷಣವೂ ತಡಮಾಡಲಿಲ್ಲ. “ಅದ್ಭುತ, ಪ್ರಭು! ಎರಡು ದಡ ಇದ್ದರಲ್ಲವೇ ಸೇತುವೆ? ತಮ್ಮ ಆಳ್ವಿಕೆಯಲ್ಲಿ ಆಚೆ ಈಚೆ ಎಂಬ ಭೇದವೇ ಅಳಿದಿದೆ. ಆಚೆ ದಡವೇ ಇಲ್ಲ ಎನ್ನುತ್ತಿದ್ದಾರೆ ಅಧ್ಯಕ್ಷರು.”

“ನಾನು ಹಾಗನ್ನಲಿಲ್ಲ! ನನ್ನ ಮಾತಿಗೆ ಒಳಾರ್ಥವೇ ಇಲ್ಲ! ಮಕ್ಕಳು ನೀರಲ್ಲಿ ಬರ್ತಿದ್ದಾರೆ, ಮಳೆ ಹಿಡಿದರೆ ಕೊಚ್ಚಿಕೊಂಡು ಹೋಗ್ತಾರೆ!”

“ಎಂಥ ವಿನಯ!” ಎಂದರು ಪ್ರಭುಗಳು. “ಕೊಚ್ಚಿಹೋಗುವುದು ಎಂದರೆ ಅಹಂಕಾರವೇ ಇರಬೇಕು, ಅಲ್ಲವೇ?”

ಚಪ್ಪಾಳೆಯಲ್ಲಿ ಮೇಷ್ಟ್ರ ಮುಂದಿನ ಮಾತು ಯಾರಿಗೂ ಕೇಳಲಿಲ್ಲ. ಕೇಳಿದ್ದರೂ ಅದಕ್ಕೊಂದು ಅರ್ಥ ಸಿಗುತ್ತಿತ್ತು. ಬಾಯಿ ಮುಚ್ಚಿಕೊಂಡು ನಿಂತರು. ಮೌನ ಇನ್ನೂ ಆಳವಾಗಿದೆ ಎಂದು ಸಭೆ ತಲೆದೂಗಿತು. ಶಾಲಿನ ಮೇಲೆ ಇನ್ನೊಂದು ಶಾಲು ಬಂತು.

ಮರುದಿನದ ಫರ್ಮಾನು ಹೀಗಿತ್ತು: ಆಚೆ ದಡ ಎಂಬುದು ಇಲ್ಲವಾದ್ದರಿಂದ, ಅಲ್ಲಿಂದ ಬರುತ್ತಿರುವರೆನ್ನಲಾದ ಹದಿನೇಳು ವಿದ್ಯಾರ್ಥಿಗಳ ಹೆಸರನ್ನು ಹಾಜರಿ ಪುಸ್ತಕದಿಂದ ಕೈಬಿಡತಕ್ಕದ್ದು. ಹೆಸರು ಹೊಡೆದುಹಾಕಬೇಕಾದವರು ತರಗತಿ ಶಿಕ್ಷಕರು, ಅಂದರೆ ಕಪನಯ್ಯನವರು. ಅವರು ಮೂರು ದಿನ ಹೊಟ್ಟೆನೋವು ಎಂದು ರಜೆ ಹಾಕಿದರು. ನಾಲ್ಕನೇ ದಿನ ಹೊಡೆದುಹಾಕಿದರು. ಪೆನ್ನು ಅವತ್ತು ಚೆನ್ನಾಗಿಯೇ ಬರೆಯಿತು.

ಆಷಾಢ ಬಂತು. ತಿಳಿಹೊಳೆ ಕೆಂಪಾಗಿ, ದಡದಿಂದ ದಡಕ್ಕೆ ಉಕ್ಕಿತು. ಲೋಕಾರ್ಪಣೆಯ ದಿನ ಈಚೆ ದಡದಲ್ಲಿ ಶಾಮಿಯಾನ, ತುತ್ತೂರಿ, ಕ್ಯಾಮೆರಾಗಳಿದ್ದವು. ಪ್ರಭುಗಳು ಹೊಳೆಯ ಅಂಚಿನಲ್ಲಿ ಗಾಳಿಯನ್ನೇ ಕತ್ತರಿಸಿದರು. ಟೇಪು ಕಟ್ಟಲು ಎರಡನೇ ಕಂಬ ಸಿಕ್ಕಿರಲಿಲ್ಲ. ಆಚೆ, ಇಲ್ಲದ ದಡದಲ್ಲಿ, ಜನ ನಿಂತಿದ್ದರು. ಬಾಣಂತಿಯೊಬ್ಬಳನ್ನು ಆಸ್ಪತ್ರೆಗೆಂದು ಮಂಚದ ಮೇಲೆ ಹೊತ್ತು ತಂದವರು ಬೆಳಗಿನಿಂದ ಅಲ್ಲೇ ಕೂತಿದ್ದರು. ಅವರ ನಡುವಿನಿಂದ ಒಬ್ಬಳು ಮುಂದೆ ಬಂದು, ಮೊಣಕಾಲ ನೀರಿಗಿಳಿದು, ಎರಡೂ ಕೈ ಬಾಯಿಗಿಟ್ಟು ಕೂಗಿದಳು. ಮೇಷ್ಟ್ರಿಗೆ ಅವಳ ದನಿ ಗುರುತು ಸಿಕ್ಕಿತು.

“ಸಾ…ರ್! ದೋಣಿ ಕಳ್ಸಿ!”

ತುತ್ತೂರಿಗಳು ನಿಂತವು. ಎಲ್ಲರಿಗೂ ಸ್ಪಷ್ಟವಾಗಿ ಕೇಳಿಸಿತು.

“ದೋಣಿ!” ಎಂದರು ಪ್ರಭುಗಳು, ಎದೆಯ ಮೇಲೆ ಕೈಯಿಟ್ಟು. “ಎಂಥ ರೂಪಕ! ಬರೆದುಕೊಳ್ಳಿ.”

ಲಿಪಿಕಾರ ಬರೆದುಕೊಂಡ. ಮುಂದಿನ ವರ್ಷದ ಪಠ್ಯದಲ್ಲಿ ಅದು ಮೊದಲ ಪದ್ಯವಾಯಿತು, ಕವಿಯ ಹೆಸರಿನ ಜಾಗದಲ್ಲಿ ‘ಜಾನಪದ’ ಎಂದು ಅಚ್ಚಾಯಿತು. ಬಾಣಂತಿಯನ್ನು ಹೊತ್ತವರು ಸಂಜೆಯವರೆಗೆ ಕಾದು, ಮಂಚ ಎತ್ತಿಕೊಂಡು ಹಿಂತಿರುಗಿದರು.

ದೋಣಿಯ ಒಳಾರ್ಥವೇನು ಎಂಬ ಐದು ಅಂಕದ ಪ್ರಶ್ನೆಗೆ ಕೀ ಆನ್ಸರು ಬರೆಯುವ ಹೊಣೆ ಪ್ರಾಧಿಕಾರದ ಅಧ್ಯಕ್ಷರದಾಯಿತು. ಕಪನಯ್ಯ ಮೇಷ್ಟ್ರು ‘ದೋಣಿ ಎಂದರೆ ದೋಣಿ’ ಎಂದು ಬರೆದು ಸಹಿ ಹಾಕಿ ಕಳಿಸಿದರು. ಗುಣಸಾಗರರು ಅದನ್ನು ಮೂರು ಸಲ ಓದಿದರು. ಈ ವಯಸ್ಸಿನ ಮಕ್ಕಳಿಗೆ ಇದು ತೀರಾ ಆಳವಾಯಿತು ಎಂದು ನಿಟ್ಟುಸಿರುಬಿಟ್ಟು, ಪ್ರಶ್ನೆಯನ್ನು ಹತ್ತು ಅಂಕಕ್ಕೆ ಏರಿಸಿದರು.