ಗಂಟೆ ಬಾರಿಸಿದ ಸರ್ಕಾರ

ಅಧಿಕಾರ ಸಿಕ್ಕವರಿಗೆ ಮೊದಲು ಮಂದವಾಗುವುದು ಕಿವಿ. ಇದನ್ನು ನಾನು ಸ್ವಂತ ಅನುಭವದಿಂದ ಹೇಳುತ್ತಿದ್ದೇನೆ. ನನಗೆ ಸಿಕ್ಕಿದ್ದು ದೊಡ್ಡ ಅಧಿಕಾರವೇನಲ್ಲ, ಸಿಂಗಪುರದ ನಮ್ಮ ಪುಟ್ಟ ಕನ್ನಡ ಬಳಗದ ಅಧ್ಯಕ್ಷಗಿರಿ, ಅದೂ ಎರಡು ವರ್ಷಕ್ಕೆ. ಆದರೂ ಕಿವಿ ಮಂದವಾಗಲು ಅಷ್ಟೇ ಸಾಕಾಯಿತು. ಆ ವರ್ಷ ಅಮೆರಿಕದ ಮಧ್ಯಾವಧಿ ಚುನಾವಣೆಯಲ್ಲಿ ಮತದಾರರು ಆಳುವ ಪಕ್ಷಕ್ಕೆ ಚೆನ್ನಾಗಿಯೇ ಬಿಸಿ ಮುಟ್ಟಿಸಿದ್ದರು. ಜುರಾಂಗ್ ಐಲ್ಯಾಂಡಿಗೆ ಹೋಗುವ ಕಂಪನಿ ಬಸ್ಸಿನಲ್ಲಿ ಕೂತು ನಾನು, ಜನರ ಮನಸ್ಸು ತಿಳಿಯದವರು ಆಳುವುದಾದರೂ ಯಾಕೆ ಎಂದು ಭಾಷಣ ಬಿಗಿದೆ. ಪಕ್ಕದ ಸೀಟಿನ ಬಸವರಾಜ "ಹೂಂ" ಎಂದ. ಬಾಗಲಕೋಟೆ ಕಡೆಯ ಈ ಎಂಜಿನಿಯರು ಅದಕ್ಕಿಂತ ಉದ್ದದ ಮಾತಾಡಿದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ.

ನಾನು ಗೆದ್ದದ್ದು ಸಮಯಪಾಲನೆಯ ಆಶ್ವಾಸನೆ ಕೊಟ್ಟು. ನಮ್ಮ ಬಳಗದಲ್ಲಿ ನಾಲ್ಕು ಗಂಟೆಯ ಕಾರ್ಯಕ್ರಮ ಐದೂವರೆಗೆ ಶುರುವಾಗುತ್ತಿತ್ತು. ಎಲ್ಲರೂ ಗೊಣಗುತ್ತಿದ್ದರು. ನಾನು ಬಂದವನೇ ನಾಲ್ಕು ಎಂದರೆ ನಾಲ್ಕಕ್ಕೇ ಶುರು ಮಾಡಿಸಿದೆ. ಒಬ್ಬೊಬ್ಬರಿಗೆ ಮೂರೇ ನಿಮಿಷ. ಮೀರಿದರೆ ಬಾರಿಸಲು, ಹೆಂಡತಿ ಸುಧಾ ಬೇಡ ಬೇಡ ಎಂದರೂ ಕೇಳದೆ, ದೇವರ ಗೂಡಿನಿಂದ ಪೂಜೆಯ ಗಂಟೆಯನ್ನು ಎತ್ತಿಕೊಂಡು ಹೋದೆ. ಆ ಒಂದೂವರೆ ಗಂಟೆಯ ತಡದಲ್ಲೇ ಜನ ಹೊಟ್ಟೆ ತುಂಬ ಕನ್ನಡ ಮಾತಾಡುತ್ತಿದ್ದರು, ಯಾರು ಯಾವ ಕಾಂಡೋ ಫ್ಲ್ಯಾಟಿಗೆ ಶಿಫ್ಟ್ ಆದರು, ಯಾರ ಮಗುವಿಗೆ ಹಲ್ಲು ಬಂತು ಎಂದೆಲ್ಲ ವಿಚಾರಿಸಿಕೊಳ್ಳುತ್ತಿದ್ದರು ಎಂಬುದು ನನಗೆ ಹೊಳೆಯಲೇ ಇಲ್ಲ. ಈಗ ಎಲ್ಲರೂ ಪರೀಕ್ಷೆಗೆ ಬಂದವರ ಹಾಗೆ ತೆಪ್ಪಗೆ ಕೂರುತ್ತಿದ್ದರು. ಅದನ್ನು ನಾನು ಶಿಸ್ತು ಎಂದುಕೊಂಡೆ.

ಯುಗಾದಿಯ ದಿನ ಬಸವರಾಜನ ತಾಯಿ ಗಂಗವ್ವ ಬೀಸುವ ಪದ ಹಾಡಲು ನಿಂತರು. ಊರಿಂದ ಯಿಶುನ್ ಬಡಾವಣೆಯ ಮಗನ ಮನೆಗೆ ಬಂದು ಎರಡು ತಿಂಗಳಾಗಿತ್ತು. ಅಷ್ಟು ದಿನವೂ ಅಡುಗೆಮನೆಯಲ್ಲಿ ಅದನ್ನೇ ಗುನುಗುತ್ತಿದ್ದರಂತೆ. ಬೀಸುವ ಪದ ಎಂದರೆ ಮೊದಲು ದೇವರುಗಳನ್ನೆಲ್ಲ ನೆನೆಯಬೇಕು. ಅವರು ಇನ್ನೂ ಊರ ದೇವರ ಹತ್ತಿರವೇ ಇದ್ದರು, ಮೂರು ನಿಮಿಷವಾಯಿತು. ನಾನು ಗಂಟೆ ಬಾರಿಸಿದೆ. ಮಂಗಳಾರತಿ ಆಗುತ್ತಿದೆ ಎಂದುಕೊಂಡ ಗಂಗವ್ವ ಹಾಡು ನಿಲ್ಲಿಸಿ, ಕಣ್ಣು ಮುಚ್ಚಿ ಕೈಮುಗಿದರು. ಸಭೆ ಗೊಳ್ಳೆಂದು ನಕ್ಕಿತು. ಅವರು ಕಣ್ಣು ಬಿಟ್ಟು, ಆರತಿ ಎಲ್ಲಿ ಎಂದು ಹುಡುಕಿ, ಆಮೇಲೆ ನನ್ನ ಕೈಯನ್ನು ನೋಡಿದರು. ವೇದಿಕೆ ಇಳಿಯುತ್ತ ಮಗನಿಗೆ ಮೆಲ್ಲಗೆ ಹೇಳಿದ್ದು ಮುಂದಿನ ಸಾಲಿನಲ್ಲಿದ್ದ ನನಗೂ ಕೇಳಿಸಿತು: "ತಮ್ಮಾ, ಹಾಡು ಇನ್ನೂ ಸುರುನ ಆಗಿದ್ದಿಲ್ಲಲ್ಲೋ." ವೀಸಾ ಮುಗಿದು ಮರುವಾರವೇ ಅವರು ಊರಿಗೆ ಹೊರಟುಹೋದರು.

ನಮ್ಮಲ್ಲಿ ಅಧ್ಯಕ್ಷನ ಅವಧಿಯ ನಡುವೆ ಸಮಿತಿಯ ಮೂರು ಸ್ಥಾನಗಳಿಗೆ ಚುನಾವಣೆ ನಡೆಯುತ್ತದೆ. ಪ್ರತಿಯೊಬ್ಬ ಸದಸ್ಯನೂ ಯಾವುದಾದರೂ ಒಂದು ತಂಡಕ್ಕೆ ಓಟು ಹಾಕಬೇಕು. ನನ್ನ ಕಡೆಯ ಮೂವರ ತಂಡದ ಮುಂದಾಳು ಮೈಸೂರಿನ ಶ್ರೀಕಂಠ, ಬ್ಯಾಂಕಿನವನು. ಎದುರಾಳಿ ತಂಡಕ್ಕೆ ಬಸವರಾಜ ನಿಂತ. ಅವನ ಪ್ರಚಾರವೆಲ್ಲ ಒಂದೇ ಸಾಲಿನ ಇಮೇಲು: "ನಮ್ಮ ತಂಡ ಗೆದ್ದರ ಗಂಟಿ ಇರಂಗಿಲ್ಲ." ಇದೂ ಒಂದು ಪ್ರಣಾಳಿಕೆಯೇ ಎಂದು ನಾನೂ ಶ್ರೀಕಂಠನೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಚುನಾವಣೆಯ ದಿನ ನಾಟಕದ ಪರದೆಯ ಹಿಂದೆ ಒಂದು ಬಿಸ್ಕತ್ತಿನ ಡಬ್ಬ ಇಟ್ಟಿದ್ದರು. ಚೀಟಿ ಹಿಡಿದು ಒಬ್ಬನೇ ನಿಂತಾಗ ಗಂಗವ್ವನ ಮುಚ್ಚಿದ ಕಣ್ಣುಗಳು ನೆನಪಾದವು. ನನಗೆ ನಿಜಕ್ಕೂ ನಾಚಿಕೆಯಾಯಿತು. ಹೊರಗೆ ಹೋಗಿ ಹತ್ತು ಜನರೆದುರು ತಪ್ಪಾಯಿತು ಎನ್ನುವ ಧೈರ್ಯವಿರಲಿಲ್ಲ. ಸುತ್ತ ಒಮ್ಮೆ ನೋಡಿ, ಬಸವರಾಜನ ತಂಡಕ್ಕೆ ಗುರುತು ಹಾಕಿ ಚೀಟಿ ಮಡಚಿಬಿಟ್ಟೆ.

ಎಣಿಕೆ ಬೇಗ ಮುಗಿಯಿತು. ನಮ್ಮ ತಂಡಕ್ಕೆ ಬಿದ್ದದ್ದು ಬರೀ ಏಳು ಓಟು. ಶ್ರೀಕಂಠ ಬೆರಳು ಮಡಚಿ ಲೆಕ್ಕ ಹಾಕಿದ. "ನಾವು ಮೂರು ಜನ, ನಮ್ಮ ಹೆಂಡ್ತೀರು ಮೂರು ಜನ, ಆರಾಯ್ತು. ಏಳನೇದು ನಿಮ್ಮದು ಸಾರ್. ಸುಧಾ ಮೇಡಂ ಕೈಕೊಟ್ರು ಅಂತ ಕಾಣುತ್ತೆ. ಹೋಗ್ಲಿ ಬಿಡಿ, ನೀವಾದ್ರೂ ನಮ್ಮ ಜೊತೆ ನಿಂತ್ರಲ್ಲ!" ಎಂದು ನನ್ನ ಕೈ ಕುಲುಕಿದ. ಕುಲುಕಿಸಿಕೊಂಡೆ. ಹೆಂಡತಿಯ ಮೇಲೆ ಬಂದ ಅಪವಾದವನ್ನು ಅವಳ ಮೇಲೇ ಬಿಟ್ಟು ಹೊರಟೆ.

ಸೆರಂಗೂನ್‌ನ ನಮ್ಮ ಮನೆಗೆ ಮರಳುವಾಗ ಎಂಆರ್‌ಟಿ ರೈಲಿನಲ್ಲಿ ಸುಧಾ ನನ್ನ ತೋಳು ತಟ್ಟಿದಳು. "ಬೇಜಾರು ಮಾಡ್ಕೋಬೇಡಿ ರೀ. ಆ ಗಂಟೆ ವಿಷಯದಲ್ಲಿ ನಂಗೆ ಎಷ್ಟೇ ಸಿಟ್ಟಿದ್ರೂ, ಪಾಪ ಅಂತ ನಾನು ನಿಮ್ಮ ಕಡೆಗೇ ಹಾಕಿದೆ." ಒಂದು ಸ್ಟೇಷನ್ ಕಳೆಯಿತು. ಅವಳ ಹುಬ್ಬು ಗಂಟಿಕ್ಕಿತು. "ಅಲ್ಲಾ, ಅವರು ಆರು, ನಾನೊಂದು, ನೀವೊಂದು. ಎಂಟು ಆಗ್ಬೇಕಿತ್ತಲ್ವಾ? ಎಣಿಸಿದ್ರಲ್ಲೇ ಏನೋ ಮೋಸ ಆಗಿದೆ. ನಾಳೇನೇ ರೀಕೌಂಟ್ ಕೇಳಿ!"

ನಾನು ಗಂಟಲು ಸರಿಮಾಡಿಕೊಂಡು, "ಬೇಡ ಸುಧಾ. ಜನರ ತೀರ್ಪನ್ನು ತಲೆಬಾಗಿ ಒಪ್ಪಿಕೊಳ್ಳೋದೇ ಪ್ರಜಾಪ್ರಭುತ್ವ" ಎಂದೆ. ಹನ್ನೆರಡು ವರ್ಷದ ಸಂಸಾರದಲ್ಲಿ ಮೊದಲ ಬಾರಿಗೆ ಅವಳು ನನ್ನನ್ನು ಗೌರವದಿಂದ ನೋಡಿದಳು.